ಬಲಗೈಗೆ ಒಂದು ದಿನದ ರಜೆ

ಹನುಮಣ್ಣ ಸರ್ ಅಕ್ಷೋಭ್ಯನ ಬಲಗೈಗೆ ಮಾತ್ರ ರಜೆ ಕೊಟ್ಟಿದ್ದರು. ಉಳಿದ ಮೈಗೆ ಕೊಟ್ಟಿರಲಿಲ್ಲ. ತೊಂದರೆ ಅಲ್ಲಿಂದಲೇ ಶುರುವಾಯಿತು.

ಅಕ್ಷೋಭ್ಯ ಹೊಸಪೇಟೆಯ ಒಂದು ಕಾಲೇಜಿನ ಬೇಸ್‌ಬಾಲ್ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವನು. ನಾಳೆ ಬಳ್ಳಾರಿಯ ಪಂದ್ಯ ನೋಡಲು ವಿಶ್ವವಿದ್ಯಾಲಯದ ಆಯ್ಕೆಗಾರರು ಬರುವವರಿದ್ದರು. ಅವನಿಗೆ ಇದು ಕೊನೆಯ ವರ್ಷ, ಕೊನೆಯ ಅವಕಾಶ. ತರಬೇತಿ ಕೊಡುವ ಹನುಮಣ್ಣ ಸರ್ ಒಂದೊಂದು ಎಸೆತವನ್ನೂ ಎಣಿಸುವ ಮನುಷ್ಯ.

"ಈ ವಾರ ಭಾಳ ಒಗದೀಯಪ್ಪ, ತೋಳು ದಣದೈತಿ. ಇವತ್ತು ಬಲಗೈಲೆ ಕಡ್ಡಿನೂ ಎತ್ತಬ್ಯಾಡ. ದಣಿದ ಕೈನ ನಾನು ಮೈದಾನಕ್ಕ ಇಳಿಸೋದಿಲ್ಲ" ಎಂದಿದ್ದರು.

ಪಕ್ಕದ ಮನೆಯ ಗಂಗಾಬಾಯಿಯ ಮೊಮ್ಮಗನಿಗೆ ಅಂದೇ ಮುಂಜಿ. ಬಡಿಸಲು ಬರಬೇಕಿದ್ದವರು ಕಂಪ್ಲಿಯ ಮದುವೆಯೊಂದಕ್ಕೆ ಹೋಗಿಬಿಟ್ಟಿದ್ದರು.

"ಅಕ್ಷೋಭ್ಯ, ಜಲ್ದಿ ಬಾರೋ, ಬಡಸೋರಿಲ್ಲ!"

"ಕೈಗೆ ರೆಸ್ಟ್ ಕೊಡಬೇಕು ಅಜ್ಜಿ."

"ಅರವತ್ತು ವರ್ಷದಿಂದ ಕಣಕ ನಾದೀನಿ. ಈ ಕೈಗೆ ಯಾರು ರೆಸ್ಟ್ ಕೊಟ್ಟಾರ?"

ಅಕ್ಷೋಭ್ಯ ಪಂಚೆ ಉಟ್ಟು ಹೋದ. ಕೋಸಂಬರಿಯ ಪಾತ್ರೆಯನ್ನು ನೆಲಕ್ಕಿಟ್ಟು, ಎಡಗೈಯಲ್ಲಿ ಚಮಚ ಹಿಡಿದು ಬಗ್ಗಿದ. ಮೊದಲ ಎಲೆಯ ಮುಂದಿದ್ದ ವ್ಯಾಸರಾಜಾಚಾರ್ಯರು ಮರಿಗಳನ್ನು ಮುಚ್ಚುವ ಕೋಳಿಯಂತೆ ಎರಡೂ ಕೈಯಿಂದ ಎಲೆ ಮುಚ್ಚಿಕೊಂಡರು. ನೋಡನೋಡುತ್ತ ಇಡೀ ಪಂಕ್ತಿ ಎಲೆ ಮುಚ್ಚಿತು.

"ಎಡಗೈಲೆ ಬಡಸ್ತೀಯೇನೋ! ಮುಂಜಿ ಮನ್ಯಾಗ!"

"ಬಲಗೈ ನೋವು ರೀ" ಎಂದು ಸುಳ್ಳು ಹೇಳಿದ. ಹೇಳಬಾರದಿತ್ತು. ಗಂಗಾಬಾಯಿ ಹರಳೆಣ್ಣೆ ಬಿಸಿ ಮಾಡಿ ತಂದು, ಅರವತ್ತು ವರ್ಷದ ಅನುಭವವನ್ನೆಲ್ಲ ಅವನ ತೋಳಿನ ಮೇಲೆ ಪ್ರಯೋಗಿಸಿದರು. ಕಾಲು ಗಂಟೆಯ ಹೊತ್ತಿಗೆ ನೋವು ನಿಜವಾಯಿತು.

"ಈಗ ಹೆಂಗೈತೋ?"

ಇನ್ನೊಮ್ಮೆ ಉಜ್ಜಿಯಾರೆಂದು ಹೆದರಿ, "ಪೂರ್ತಿ ಕಡಿಮ್ಯಾತು" ಎಂದ. ಕೂಡಲೇ ಅವನ ಎಡಗೈಗೆ ಸಾರಿನ ಬಕೆಟ್ಟು, ಬಲಗೈಗೆ ಸೌಟು ಬಂದವು.

ಎರಡು ಪಂಕ್ತಿ ಮುಗಿಯುವಷ್ಟರಲ್ಲಿ ಭುಜ ಅವನ ಮಾತು ಕೇಳುವುದನ್ನು ಬಿಟ್ಟಿತ್ತು. ಮೂರನೆಯ ಪಂಕ್ತಿಯ ಕೊನೆಯಲ್ಲಿ ನೋಡುತ್ತಾನೆ, ಹನುಮಣ್ಣ ಸರ್! ಗಂಗಾಬಾಯಿಯ ಮಗನ ಸಹಪಾಠಿಯಂತೆ. ಅಕ್ಷೋಭ್ಯನಿಗೆ ಹೋದ ಜೀವ ಬಂದಂತಾಯಿತು. ಇನ್ನು ಸರ್ ಬೈದಾದರೂ ಬಿಡಿಸುತ್ತಾರೆ.

"ಲೇ ಅಕ್ಷೋಭ್ಯ, ಸಾರು ಮಸ್ತ್ ಐತಿ. ಹಾಕಿನ್ನೊಂದು ಸೌಟು."

"ಸರ್, ನನ್ನ ತೋಳು..."

"ಅದು ಆಮ್ಯಾಲೆ. ಮೊದಲು ಸಾರು."

ಸರ್ ಅವನ ಕೈಯಿಂದಲೇ ಸಾರನ್ನು ಮೂರು ಸಲ, ಪಾಯಸವನ್ನು ನಾಲ್ಕು ಸಲ ಹಾಕಿಸಿಕೊಂಡರು. ಕೈ ತೊಳೆದು ಬಂದು ಅವನನ್ನು ಪಕ್ಕಕ್ಕೆ ಕರೆದರು.

"ಮೂರು ಪಂಕ್ತಿ, ನೂರಾಎಂಟು ಎಲಿ, ಎಲಿಗೆ ಐದು ಸೌಟು. ಐನೂರು ದಾಟಿತಲ್ಲೋ. ನಾಳೆ ನೀನು ಒಗಿಯಂಗಿಲ್ಲ."

"ಅದ್ರಾಗ ಏಳು ನಿಮ್ಮವೇ ಸರ್!"

"ಅವನ್ನೂ ಲೆಕ್ಕಕ್ಕ ಹಿಡದೀನಿ" ಎಂದರು ಸರ್, ಪ್ರಾಮಾಣಿಕವಾಗಿ.

ಅಕ್ಷೋಭ್ಯನ ಕಣ್ಣು ತುಂಬಿ ಬಂತು. ಮೂರು ವರ್ಷ ಬೆವರು ಸುರಿಸಿದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿದಿತ್ತು. ಸರ್ ಕರಗಿಹೋದರು.

"ಅಳಬ್ಯಾಡಲೇ. ನಿನ್ನ ಬಿಟ್ಟು ಹೋಗ್ತೀನೇನು? ಮುಂಜಾನೆ ಆರಕ್ಕ ಬಸ್ ಸ್ಟ್ಯಾಂಡಿಗೆ ಬಾ."

ಅವನು ಆಸೆಯಿಂದ ಮುಖ ಎತ್ತಿದ.

"ಹದಿನೆಂಟು ಹುಡುಗರಿಗೆ ಇಲ್ಲಿಂದಲೇ ಅಡಿಗಿ ಒಯ್ಯಬೇಕು. ಒಂದು ಹನಿ ಚೆಲ್ಲದಂಗ ಬಡಸೋನು ನನಗ ಇನ್ನೆಲ್ಲಿ ಸಿಗ್ತಾನ?"