ಎತ್ತು ತಿರುಗದ ಕಣ

ಭೌತಶಾಸ್ತ್ರ ಬೋಧಿಸಿ ತಿಪಟೂರಿನಲ್ಲಿ ನಿವೃತ್ತಳಾದ ನನ್ನಂಥವಳ ಮನೆಗೂ ವಿನೋದವು ಅನುಮತಿ ಕೇಳದೆ ಪ್ರವೇಶಿಸುತ್ತದೆ. ತಮ್ಮನ ಮಗಳು ತನ್ನ ಸಂಶೋಧನೆಯನ್ನು ಇಲ್ಲಿಗೆ ತಂದ ಮೇಲಂತೂ ಅದು ಬಿಡಾರವನ್ನೇ ಹೂಡಿದೆ.

ಕಣ

ನೆರೆಮನೆಯ ತೋಟದ ಯಜಮಾನರು ಆಕೆಯ ಕೆಲಸವೇನೆಂದು ವಿಚಾರಿಸಿದರು.

“ಕಣಗಳು ಡಿಕ್ಕಿ ಹೊಡೆದ್ರೆ ಹೇಗೆ ಚದುರ್ತವೆ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರ ಬಿಡಿಸ್ತದೆ ಮಾವ. ಆದರೆ ಬಹಳ ನಿಧಾನ. ಆ ಚಿತ್ರಗಳನ್ನೇ ತೋರಿಸಿ, ಬೇಗ ಅನುಕರಿಸೋದನ್ನ ಇನ್ನೊಂದು ಪ್ರೋಗ್ರಾಂಗೆ ಕಲಿಸ್ತಿದೀನಿ.”

“ಯಾವ ಕಣ ಕಣವ್ವಾ? ಎಲೆಕ್ಷನ್ ಕಣವಾ, ರಾಗಿ ಕಣವಾ?”

“ಅಣುವಿಗಿಂತ ಸಣ್ಣ ಕಣ.”

ಯಜಮಾನರು ಗಂಭೀರರಾದರು. “ಅಷ್ಟು ಸಣ್ಣ ಕಣದಾಗೆ ಎತ್ತು ತಿರುಗೋದು ಎಂಗವ್ವಾ?”

ಜನರೇಟರ್

ಹೀಗೆ ಚಿತ್ರಗಳನ್ನು ಹುಟ್ಟಿಸುವ ಪ್ರೋಗ್ರಾಂಗೆ ಆಕೆಯ ವೃತ್ತಿಯಲ್ಲಿ ಜನರೇಟರ್ ಎಂದು ಹೆಸರು. ಒಂದು ಬೆಳಿಗ್ಗೆ ಆಕೆ ಜಗುಲಿಯಲ್ಲಿ ನಿಂತು, “ಸರ್, ಜನರೇಟರ್ ಬರೀ ಕಸ ಕೊಡ್ತಿದೆ” ಎಂದು ತನ್ನ ಮಾರ್ಗದರ್ಶಕರಿಗೆ ಫೋನಿನಲ್ಲಿ ವರದಿ ಮಾಡಿದಳು. ಸ್ವಲ್ಪ ಹೊತ್ತಿಗೆ ಯಜಮಾನರು ಡೀಸೆಲ್ ಕ್ಯಾನಿನೊಂದಿಗೆ ಹಾಜರು.

“ಎಲ್ಲೈತೆ, ತೋರ್ಸವ್ವ.”

“ಲ್ಯಾಪ್‌ಟಾಪ್ ಒಳಗಿದೆ ಮಾವ.”

ಅವರು ಲ್ಯಾಪ್‌ಟಾಪನ್ನು ಎತ್ತಿ, ಹಿಂದುಮುಂದು ಪರೀಕ್ಷಿಸಿ ನನ್ನತ್ತ ತಿರುಗಿದರು. “ಮೇಡಮ್ಮೋರೇ, ಇದ್ರ ಹೊಗೆ ಕೊಳವೆ ಎಲ್ಲಿ?”

ಪರೀಕ್ಷೆ

ಶನಿವಾರ ಮಾರ್ಗದರ್ಶಕರ ಪರೀಕ್ಷೆ. ಎರಡು ಚಿತ್ರಗಳಲ್ಲಿ ನಿಧಾನದ ಲೆಕ್ಕದ್ದು ಯಾವುದು, ಅನುಕರಣೆ ಯಾವುದು ಎಂದು ಅವರು ಗುರುತಿಸಿಬಿಟ್ಟರೆ ಆಕೆಯ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಹುಡುಗಿಗೆ ಊಟ ಸೇರುತ್ತಿರಲಿಲ್ಲ.

ವಿಡಿಯೊ ಕರೆ ಬಂತು. ಲ್ಯಾಪ್‌ಟಾಪಿನ ಪರದೆಯಲ್ಲಿ, ಕಪ್ಪಿನ ಮೇಲೆ ಬಿಳಿ ಚುಕ್ಕೆಗಳು ಚದುರಿದ್ದ ಎರಡು ಚಿತ್ರಗಳನ್ನು ಆಕೆ ಫೋನಿನಲ್ಲಿ ಒಂದೊಂದಾಗಿ ತೋರಿಸಿದಳು. ಆಗಲೇ ಬಾಗಿಲಲ್ಲಿ ಭಾರಿ ಸದ್ದು! ಆಕೆಗೆ ಒಳಿತಾಗಲೆಂದು ಯಜಮಾನರು ಅಂಗಳದ ಕಪ್ಪು ಚಪ್ಪಡಿಯ ಮೇಲೆ ಈಡುಗಾಯಿ ಒಡೆದಿದ್ದರು. ಬೆಚ್ಚಿದ ಹುಡುಗಿಯ ಕೈಯಲ್ಲಿದ್ದ ಫೋನು ಅತ್ತ ತಿರುಗಿತು. ಅದೇ ಕ್ಷಣ ನೆಟ್‌ವರ್ಕ್ ಕೈಕೊಟ್ಟು, ಚದುರಿದ ಕಾಯಿಚೂರುಗಳ ದೃಶ್ಯವು ಮಾರ್ಗದರ್ಶಕರ ಕಣ್ಣೆದುರು ಸ್ತಬ್ಧವಾಗಿ ನಿಂತಿತು.

ಅವರ ಧ್ವನಿ ಮಾತ್ರ ಕೇಳಿಸಿತು. “ಮೊದಲಿನ ಎರಡರಲ್ಲಿ ವ್ಯತ್ಯಾಸವೇ ಕಾಣ್ತಿಲ್ಲಮ್ಮ. ಪಾಸು, ಕೆಲಸ ಮುಂದುವರಿಸು. ಆದರೆ ಆ ಮೂರನೇದನ್ನ ತೆಗೆದುಹಾಕು, ಶುದ್ಧ ನಕಲಿ. ನಿಜವಾದ ಡಿಕ್ಕಿಯಲ್ಲಿ ಚೂರುಗಳು ಹಾಗೆ ಚದುರೋದು ಸಾಧ್ಯವೇ ಇಲ್ಲ.”

ಹೊಸ್ತಿಲಾಚೆ ನಿಂತಿದ್ದ ಯಜಮಾನರಿಗೆ ಅವಮಾನವಾಯಿತು.

“ಸಾಧ್ಯ ಇಲ್ವಾ? ತಡೀರಿ ಸ್ವಾಮಿ, ಇನ್ನೊಂದು ಒಡೀತೀನಿ!”