ಬೀಗದಣ್ಣನ ಬೆರಳಿಗೆ ಬಗ್ಗದ ಬಾಗಿಲು

ಮೂವತ್ತು ವರ್ಷ ಊರವರ ಬೀಗ ರಿಪೇರಿ ಮಾಡಿದವನ ಮನೆಗೇ ಕೀಲಿಕೈ ಇಲ್ಲದ ಬೀಗ ತಂದು ಹಾಕಿಸಿದರೆ ಅದನ್ನು ಸಂಸಾರ ಎನ್ನಬೇಕೋ, ಹಗೆತನ ಎನ್ನಬೇಕೋ ಎಂದು ಬೀಗದಣ್ಣ ಒಳಗೊಳಗೇ ಕುದಿಯುತ್ತಿದ್ದ. ಹಾಕಿಸಿದವಳು ಹೆಂಡತಿ, ವಿಮಾ ಕಚೇರಿಯಲ್ಲಿ ಗುಮಾಸ್ತೆ. ಬೆರಳಿಟ್ಟರೆ ತೆರೆಯುವ, ಕ್ಯಾಮೆರಾದಲ್ಲಿ ನೋಡುವ, ಫೋನಿನ ಮೂಲಕ ಮಾತಾಡುವ ಬೀಗ. ಬಾಗಿಲ ಮೇಲೆ ಕೂತು ಬೀಗುತ್ತಿತ್ತು. (ಬೀಗಕ್ಕೆ ಆ ಹೆಸರೇಕೆ ಎಂಬುದು ಅವನಿಗೆ ಆಗಲೇ ಅರ್ಥವಾದದ್ದು.)

ಹೆಂಡತಿಯ ಬೆರಳಿಗೆ ತೆರೆಯಿತು, ಮಗಳ ಬೆರಳಿಗೆ ತೆರೆಯಿತು. ಬೀಗವಿದ್ಯಾ ಪಾರಂಗತನ ಬೆರಳಿಗೆ ಮಾತ್ರ ‘ಗುರುತು ಸಿಗಲಿಲ್ಲ’ ಎಂದಿತು. ಕೀಲಿಕೈಗಳಿಗೆ ಅರ ಉಜ್ಜಿ ಉಜ್ಜಿ ಅವನ ಬೆರಳ ಗೆರೆಗಳೆಲ್ಲ ಸವೆದುಹೋಗಿದ್ದವು.

“ಬಿಡ್ರೀ, ನೀವು ಬಂದಾಗ ಆಫೀಸಿಂದಲೇ ನಾನು ತೆಗೀತೀನಿ” ಎಂದಳು ಹೆಂಡತಿ.

ಅಂದಿನಿಂದ ಮಧ್ಯಾಹ್ನ ಊಟಕ್ಕೆ ಬಂದವನು ಸ್ವಂತ ಮನೆಯೆದುರು ನಿಂತು ಕ್ಯಾಮೆರಾಕ್ಕೆ ಮುಖ ತೋರಿಸಬೇಕು. ಅವಳು ಅಲ್ಲಿ ಒತ್ತಿದರೆ ಇಲ್ಲಿ ‘ಟಕ್’ ಅನ್ನುತ್ತಿತ್ತು.

ಆ ಮಂಗಳವಾರ ಟಕ್ ಅನ್ನಲಿಲ್ಲ. ಫೋನ್ ಮಾಡಿದ, ಎತ್ತಲಿಲ್ಲ. ಹತ್ತೂ ಬೆರಳಿಟ್ಟ, ಹತ್ತು ಸಲವೂ ಗುರುತು ಸಿಗಲಿಲ್ಲ. ತಲೆ ಕಾದು ಬಾಣಲೆಯಾಯಿತು. ಚೀಲದಿಂದ ತಂತಿ, ಸ್ಕ್ರೂಡ್ರೈವರ್ ತೆಗೆದು ಮಂಡಿಯೂರಿ ಕುಳಿತ. ಅರ್ಧ ಗಂಟೆಯಾದರೂ ಬೀಗ ಜಗ್ಗಲಿಲ್ಲ. ಮಹಡಿಯ ಮೇಷ್ಟ್ರು ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತರು.

“ನಿಮ್ಮದೇ ಮನೆ ಅಲ್ವಾ?”

“ನಿನ್ನೆವರೆಗೆ ಆಗಿತ್ತು.”

ಅಷ್ಟರಲ್ಲಿ ಬೀಗ ಹೆಂಡತಿಯ ದನಿಯಲ್ಲಿ ಮಾತಾಡಿತು. “ರೀ, ಏನು ಮಾಡ್ತಿದೀರಿ? ಆ ಸ್ಕ್ರೂಡ್ರೈವರ್ ಕೆಳಗಿಡಿ.”

“ಇಡಲ್ಲ. ಇವತ್ತು ನೀನು ಕೇಳಿಸ್ಕೋ. ಎದ್ದರೆ ಫೋನು, ಉಣ್ಣೋವಾಗ ಫೋನು. ಮಗಳು ಪಕ್ಕದ ರೂಮಿಂದ ‘ಅಪ್ಪಾ, ಫ್ಯಾನ್ ಆರಿಸು’ ಅಂತ ಮೆಸೇಜ್ ಹಾಕ್ತಾಳೆ. ನಿನ್ನ ಜೊತೆ ನೆಟ್ಟಗೆ ಮಾತಾಡಿ ಎರಡು ತಿಂಗಳಾಯ್ತು. ಮಾತಾಡೋಕೆ ನನಗೆ ಸಿಕ್ಕಿರೋದು ಈ ಬಾಗಿಲು. ಇದಕ್ಕೂ ನನ್ನ ಗುರುತಿಲ್ಲ.”

ಬೀಗದೊಳಗೆ ಯಾರೋ ಕೆಮ್ಮಿದರು.

“ರೀ, ಮೀಟಿಂಗಲ್ಲಿದೀನಿ. ಗಾಬರೀಲಿ ಸ್ಪೀಕರ್ ಒತ್ತಿಬಿಟ್ಟೆ. ಹನ್ನೊಂದು ಜನ ಕೇಳಿಸ್ಕೊಂಡ್ರು.”

“ಕೇಳಿಸ್ಕೊಳ್ಳಲಿ.”

“ನಮ್ಮ ಮ್ಯಾನೇಜರ್ ಮೇಡಂ ಕಣ್ಣೊರೆಸ್ಕೋತಿದಾರೆ. ಇವತ್ತು ಬೇಗ ಮನೆಗೆ ಹೋಗು ಅಂದ್ರು.” ದನಿ ತಗ್ಗಿತು. “ಬರ್ತೀನಿ. ಕೂತು ಮಾತಾಡೋಣ. ನನಗೂ ಹೇಳೋದು ಬೇಕಾದಷ್ಟಿದೆ.”

ಎರಡು ತಿಂಗಳ ಸಿಟ್ಟು ಒಂದೇ ಉಸಿರಿಗೆ ಇಳಿಯಿತು. ಗೆದ್ದ ದೊರೆಯ ಹಾಗೆ ಎದ್ದು ನಿಂತು, ಮೇಷ್ಟ್ರ ಕಡೆಗೊಮ್ಮೆ ನೋಡಿ ಬೀಗದಣ್ಣ ಅಪ್ಪಣೆ ಕೊಡಿಸಿದ. “ಸರಿ. ಈಗ ಬಾಗಿಲು ತೆಗಿ.”

“ತೆಗೆಯೋದೇನು ಬಂತು? ಬೆಳಿಗ್ಗೆ ಅವಸರದಲ್ಲಿ ನಾನು ಲಾಕೇ ಮಾಡಿಲ್ಲ. ಈಗ ನೋಡ್ತಿದೀನಿ, ತೆರೆದೇ ಇದೆ ಅಂತ ತೋರಿಸ್ತಿದೆ. ತಳ್ಳಿ ನೋಡಿದ್ರಾ?”

ಬೀಗದಣ್ಣ ಸ್ಕ್ರೂಡ್ರೈವರನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿದ. ಮೇಷ್ಟ್ರು ಇಳಿದು ಬಂದು ಒಂದು ಬೆರಳಿಂದ ತಳ್ಳಿದರು. ಬಾಗಿಲು ತೆಪ್ಪಗೆ ತೆರೆದುಕೊಂಡಿತು. ಬೀಗದೊಳಗಿಂದ ಹನ್ನೊಂದು ಜನ ನಕ್ಕರು.

ಮೇಷ್ಟ್ರು ನಗಲಿಲ್ಲ. ಕುರ್ಚಿ ಮಡಚುತ್ತಾ ಬಹಳ ಮರ್ಯಾದೆಯಿಂದ ಹೇಳಿದರು: “ನಮ್ಮ ಬೀರು ಬೀಗ ಕೆಟ್ಟಿದೆ, ನಿಮ್ಮ ಅಂಗಡಿಗೆ ತರೋಣ ಅಂತಿದ್ದೆ. ಇರಲಿ, ಮೊದಲು ಎಳೆದು ನೋಡ್ತೀನಿ.”