ಎಂಬತ್ತಕ್ಕೆ ಅಂದಾಜಿಸಿದ ಮೇಷ್ಟ್ರು

ಮೋಹನ್ ಕುಮಾರ್ ಮೇಷ್ಟ್ರು ಕಾಯಿ ಹೋಳಿಗೆಯ ಮುಖ ನೋಡಿ ಆ ಸೋಮವಾರಕ್ಕೆ ತೊಂಬತ್ತೊಂದು ದಿನವಾಗಿತ್ತು. ಹಿತ್ತಿಲಲ್ಲಿ ತೆಂಗಿನಕಾಯಿ ರಾಶಿ ಬಿದ್ದಿತ್ತು. ಡಬ್ಬದಲ್ಲಿ ಬೆಲ್ಲವಿತ್ತು, ಅಟ್ಟದ ಮೇಲೆ ತುಪ್ಪವಿತ್ತು, ಹೋಳಿಗೆ ತಟ್ಟುವ ಕೈಯೂ ಮನೆಯಲ್ಲೇ ಇತ್ತು. ಆದರೆ ಆ ಕೈ ಆರೋಗ್ಯ ಕೇಂದ್ರದ ನರ್ಸಮ್ಮನದು. ಶಿಲ್ಪ ಎಂಬ ಆ ನರ್ಸಮ್ಮ, ದೈವಯೋಗದಿಂದ, ಮೇಷ್ಟ್ರ ಧರ್ಮಪತ್ನಿಯೇ ಆಗಿದ್ದಳು.

"ನೋಡ್ರೀ, ಎಂಬತ್ತು ಕೆಜಿಗೆ ಇಳೀರಿ. ಅವತ್ತೇ ಹೋಳಿಗೆ ಮಾಡ್ತೀನಿ. ಅಲ್ಲೀವರ್ಗೂ ಅರ್ಧ ಮುದ್ದೆ, ಸೊಪ್ಪಿನ ಸಾರು," ಎಂದು ಅವಳು ಆಜ್ಞೆ ಹೊರಡಿಸಿದ್ದಳು. ತೂಕ ನೋಡಲು ಆರೋಗ್ಯ ಕೇಂದ್ರಕ್ಕೆ ಕರೆದಾಗಲೆಲ್ಲ ಮೇಷ್ಟ್ರಿಗೆ ಏನಾದರೂ ಕೆಲಸ ಬಂದುಬಿಡುತ್ತಿತ್ತು. (ಮೌಲ್ಯಮಾಪನ, ಜನಗಣತಿ, ಒಮ್ಮೆ ಸಂಪಿಗೆ ಊರಿನ ದೇವಸ್ಥಾನದಲ್ಲಿ ಯಾರದೋ ದೂರದ ನೆಂಟರ ಮಗುವಿಗೆ ಮುಡಿ ತೆಗೆಸುವುದು.)

ಮೇಷ್ಟ್ರು ತುರುವೇಕೆರೆ ಕಡೆಯ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳುತ್ತಿದ್ದರು. ಪಾಠ ಹೇಳುವುದರಲ್ಲಿ ಮಾತ್ರ ಅವರಿಗೆ ಸೋಮಾರಿತನವಿರಲಿಲ್ಲ. ಏಳನೇ ತರಗತಿಗೆ ದಶಮಾಂಶ ಶುರುವಾದ ಆ ಸೋಮವಾರ, ಎದುರಿನ ರಂಗಪ್ಪನ ಕೊಬ್ಬರಿ ಅಂಗಡಿಯಿಂದ ಕರೆಂಟಿನ ತಕ್ಕಡಿಯನ್ನೇ ಹೊರಿಸಿಕೊಂಡು ಬಂದರು.

"ಪುಸ್ತಕದ ಬಿಂದು ಸತ್ತ ಬಿಂದು ಕಣ್ರೋ! ಇಲ್ನೋಡಿ, ಜೀವಂತ ಬಿಂದು!" ಎಂದು ತಕ್ಕಡಿಯ ಕೆಂಪು ಅಂಕಿಗಳನ್ನು ತೋರಿಸಿದರು.

ಮಕ್ಕಳಿಗೆ ಹಬ್ಬವಾಯಿತು. ಸುಲಿದ ಕಾಯಿ 0.65 ಬಂತು. ಶಾಲೆಯ ಗಂಟೆ 2.15. ಕೃತಿಕಾಳ ಪುಸ್ತಕದ ಚೀಲ 5.40. ಒಂದೊಂದನ್ನೂ ಬೋರ್ಡಿನ ಮೇಲೆ ಬರೆದು, ಹತ್ತಿರದ ಪೂರ್ಣ ಸಂಖ್ಯೆಗೆ ಅಂದಾಜಿಸಿದರು. "ಐದು, ಐದಕ್ಕಿಂತ ಮೇಲಿದ್ರೆ ಹತ್ತಿಸು, ಕೆಳಗಿದ್ರೆ ಇಳಿಸು," ಎಂಬ ಮೇಷ್ಟ್ರ ಮಂತ್ರ ಕೊಠಡಿ ತುಂಬ ಮೊಳಗಿತು.

ತೂಗುವುದಕ್ಕೆ ಇನ್ನೇನೂ ಉಳಿಯದಿದ್ದಾಗ ಕೃತಿಕಾ ಎದ್ದು ನಿಂತಳು. "ಸಾ, ನಿಮ್ಮನ್ನೂ ತೂಗಣ ಸಾ!"

ಮೂವತ್ತೊಂದು ಮಕ್ಕಳು ಒಕ್ಕೊರಲಿನಿಂದ "ಹೂಂ ಸಾ!" ಎಂದರು. ಗುರುವಾದವನು ಜ್ಞಾನಕ್ಕೆ ಬೆನ್ನು ತೋರಿಸುವುದುಂಟೆ? ಮೇಷ್ಟ್ರು ಚಪ್ಪಲಿ ಕಳಚಿದರು, ಕನ್ನಡಕವನ್ನೂ ತೆಗೆದಿಟ್ಟರು. (ಕೆಲವು ಗ್ರಾಮಾದರೂ ಕಡಿಮೆಯಾಗಲಿ ಎಂದು.) ಉಸಿರು ಬಿಗಿಹಿಡಿದು ತಕ್ಕಡಿ ಹತ್ತಿದರು.

84.65.

ಮೇಷ್ಟ್ರು ಇಳಿದು, ಬೆವರು ಒರೆಸಿಕೊಂಡು, "ಸರಿ, ಇದನ್ನ ಒಂದು ದಶಮಾಂಶ ಸ್ಥಾನಕ್ಕೆ ಅಂದಾಜಿಸಿ," ಎಂದರು.

"84.7 ಸಾ!"

"ಹತ್ತಿರದ ಪೂರ್ಣ ಸಂಖ್ಯೆಗೆ?"

"ಎಂಬತ್ತೈದು!"

"ಹತ್ತಿರದ ಹತ್ತಕ್ಕೆ?"

"ಎಂಬತ್ತು ಸಾ!"

ಎಂಬತ್ತು! ಮೇಷ್ಟ್ರ ಕಿವಿಯಲ್ಲಿ ಮಂಗಳವಾದ್ಯ ಮೊಳಗಿತು. ಮೂರು ತಿಂಗಳ ತಪಸ್ಸು ಒಂದೇ ಒಂದು ಅಂದಾಜಿನಲ್ಲಿ ಫಲಿಸಿತ್ತು. ಅದೂ ಮೂವತ್ತೊಂದು ಸಾಕ್ಷಿಗಳ ಮುಂದೆ!

ಸಂಜೆ ಮನೆಗೆ ಹೋದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ಸ್ಕೂಲಲ್ಲಿ ತೂಕ ನೋಡ್ಕೊಂಡೆ ಕಣೇ. ಎಂಬತ್ತು," ಎಂದರು.

ಶಿಲ್ಪ ಸೌಟು ಕೆಳಗಿಟ್ಟಳು. "ನಿಜವಾಗ್ಲೂ?"

"ಲೆಕ್ಕದ ಪ್ರಕಾರ," ಎಂದರು ಮೇಷ್ಟ್ರು. ಸುಳ್ಳು ಹೇಳಲಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅಂದಾಜು ಬೇರೆ, ಸುಳ್ಳು ಬೇರೆ. ಪಠ್ಯಪುಸ್ತಕದಲ್ಲಿ ಅಂದಾಜಿಗೆ ಒಂದು ಅಧ್ಯಾಯವೇ ಇದೆ, ಸುಳ್ಳಿಗೆಲ್ಲಿದೆ?

ಪಾಪ, ಶಿಲ್ಪಳ ಕಣ್ಣಲ್ಲಿ ನೀರೇ ಬಂತು. "ನನ್ ಮಾತಿಗೆ ಬೆಲೆ ಕೊಟ್ರಲ್ಲ, ಅಷ್ಟೇ ಸಾಕು," ಎಂದು ಕಾಯಿ ತುರಿಯಲು ಕೂತೇಬಿಟ್ಟಳು. ಮೇಷ್ಟ್ರಿಗೆ ಮೊದಲ ಹೋಳಿಗೆ ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಂಡಂತಾಯಿತು. ಎರಡನೆಯದು ಸಲೀಸಾಗಿ ಇಳಿಯಿತು. ಒಟ್ಟು 5.5 ತಿಂದರು. (ಅದನ್ನು ಮಾತ್ರ ಅವರು ಆರಕ್ಕೆ ಅಂದಾಜಿಸಲಿಲ್ಲ.)

ಮುಂದಿನ ವಾರದ ಶುಕ್ರವಾರ ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ಕಾರ್ಯಕ್ರಮವಿತ್ತು. ಮಾತ್ರೆಯ ಡಬ್ಬ ಹಿಡಿದು ಬಂದವಳು ಶಿಲ್ಪ. ಏಳನೇ ತರಗತಿಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದು ಗೋಡೆಗೆ ಅಂಟಿಸಿದ್ದ ದೊಡ್ಡ ಹಾಳೆ. 'ನಮ್ಮ ಸುತ್ತಲಿನ ದಶಮಾಂಶಗಳು' ಎಂಬ ತಲೆಬರಹದ ಕೆಳಗೆ ಮಕ್ಕಳು ಬಣ್ಣಬಣ್ಣದ ಅಕ್ಷರಗಳಲ್ಲಿ ಎಲ್ಲವನ್ನೂ ಬರೆದಿದ್ದರು. ಕಾಯಿ, ಗಂಟೆ, ಚೀಲ. ಕೊನೆಯಲ್ಲಿ ಹೂವಿನ ಚೌಕಟ್ಟಿನೊಳಗೆ: 'ನಮ್ಮ ಪ್ರೀತಿಯ ಗುರುಗಳು, 84.65 ಕೆಜಿ.'

ಶಿಲ್ಪ ಹಾಳೆಯನ್ನು ನೋಡಿದಳು. ಗಂಡನನ್ನು ನೋಡಿದಳು. ಮೇಷ್ಟ್ರು ಕಿಟಕಿಯಾಚೆಯ ತೆಂಗಿನ ಮರದಲ್ಲಿ ಗೊನೆ ಎಣಿಸತೊಡಗಿದರು.

"ಇದೇನು ಮಕ್ಳೇ? ನಿಮ್ ಮೇಷ್ಟ್ರು ಎಂಬತ್ತು ಅಂದ್ರಲ್ಲ?" ಎಂದು ನಗುತ್ತಲೇ ಕೇಳಿದಳು.

ಕೃತಿಕಾ ಚಂಗನೆ ಎದ್ದಳು. "ಸರಿಯಾಗೇ ಹೇಳವ್ರೆ ಮೇಡಂ. ಹತ್ತಿರದ ಹತ್ತಕ್ಕೆ ಅಂದಾಜು ಮಾಡುದ್ರೆ ಎಂಬತ್ತು." ಆಮೇಲೆ ಒಂದು ಗಳಿಗೆ ಯೋಚಿಸಿ, "ಹತ್ತಿರದ ನೂರಕ್ಕೆ ಮಾಡುದ್ರೆ ನೂರು ಮೇಡಂ!" ಎಂದಳು.

"ಭಲೇ!" ಎಂದುಬಿಟ್ಟರು ಮೇಷ್ಟ್ರು. ನೂರಕ್ಕೆ ಅಂದಾಜಿಸುವುದನ್ನು ಅವರಿನ್ನೂ ಹೇಳಿಕೊಟ್ಟೇ ಇರಲಿಲ್ಲ, ಹುಡುಗಿ ತಾನಾಗಿ ಕಂಡುಕೊಂಡಿದ್ದಳು. ಭಲೇ ಎಂದಾದ ಮೇಲೆ ಅವರಿಗೆ ಹೆಂಡತಿಯ ಮುಖ ಕಾಣಿಸಿತು.

"ಈ ವಾರ ಏನು ಪಾಠ?" ಎಂದಳು ಶಿಲ್ಪ, ಬಹಳ ಮೆತ್ತಗೆ.

"ಲ.ಸಾ.ಅ.," ಎಂದು ಮೇಷ್ಟ್ರು ತೊದಲಿದರು. ಲಘುತಮ ಸಾಮಾನ್ಯ ಅಪವರ್ತ್ಯ. ನಾಲ್ಕು ದಿನದಿಂದ ಗಂಟಲು ಹರಿದುಕೊಂಡರೂ ಒಂದು ಮಗುವಿನ ತಲೆಗೂ ಇಳಿದಿರಲಿಲ್ಲ. ಮುಂದಿನ ವಾರವೇ ಕಿರುಪರೀಕ್ಷೆ.

ಶಿಲ್ಪ ಸೀಮೆಸುಣ್ಣ ಕೈಗೆತ್ತಿಕೊಂಡಳು. "ಮಕ್ಳೇ, ಒಂದು ಲೆಕ್ಕ. ಇನ್ಮೇಲೆ ನಿಮ್ ಮೇಷ್ಟ್ರಿಗೆ ಆರು ದಿನಕ್ಕೊಂದ್ಸಲ ಬೆಲ್ಲ, ಎಂಟು ದಿನಕ್ಕೊಂದ್ಸಲ ತುಪ್ಪ. ಎರಡೂ ಒಂದೇ ದಿನ ಬಂದ್ರೆ ಹೋಳಿಗೆ. ಎಷ್ಟು ದಿನಕ್ಕೊಂದ್ಸಲ ಹೋಳಿಗೆ?"

"ಎರಡು!" ಎಂದು ಇಡೀ ತರಗತಿ ಕೂಗಿತು. ಮಹತ್ತಮ ಸಾಮಾನ್ಯ ಅಪವರ್ತನ ಕಂಡುಹಿಡಿದು ಕೂತಿದ್ದರು. ಲ.ಸಾ.ಅ. ಕೇಳಿದರೆ ಮ.ಸಾ.ಅ. ಹೇಳುವುದು ಅವರ ಹಳೆಯ ಚಾಳಿ.

"ಎರಡು ದಿನಕ್ಕೊಂದ್ಸಲನಾ?" ಶಿಲ್ಪ ಹುಬ್ಬೇರಿಸಿದಳು. "ಹೌದೇನ್ರೀ? ಲೆಕ್ಕದ ಮೇಷ್ಟ್ರು ನೀವೇ ಹೇಳಿ. ನೀವು ಹೇಳ್ದಂಗೆ ನಡೀಲಿ."

ಮೇಷ್ಟ್ರ ಎದೆಯೊಳಗೆ ಕುರುಕ್ಷೇತ್ರವೇ ನಡೆಯಿತು. ಒಂದು ಕಡೆ ದಿನ ಬಿಟ್ಟು ದಿನ ಕಾಯಿ ಹೋಳಿಗೆ, ಮೇಲೆ ತುಪ್ಪ. ಒಂದು "ಹೂಂ" ಅಂದರೆ ಸಾಕು. ಇನ್ನೊಂದು ಕಡೆ ಮೂವತ್ತೊಂದು ಜೊತೆ ಕಣ್ಣುಗಳು ಉತ್ತರ ಸರಿಯೆಂದು ನಂಬಿಕೊಂಡು ತಮ್ಮನ್ನೇ ನೋಡುತ್ತಿವೆ.

"ತಪ್ಪು!" ಎಂದು ಗುಡುಗಿದರು. "ಶುದ್ಧ ತಪ್ಪು!"

ಹೆಂಡತಿಯ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಬೆಲ್ಲದ ದಿನಗಳನ್ನು ಸಾಲಾಗಿ ಬರೆದರು: ಆರು, ಹನ್ನೆರಡು, ಹದಿನೆಂಟು. ಕೆಳಗೆ ತುಪ್ಪದ ದಿನಗಳು: ಎಂಟು, ಹದಿನಾರು. ಅಷ್ಟರಲ್ಲಿ ವರ್ಷವಿಡೀ ಬಾಯಿ ಬಿಡದ ಆಶಾ ಹಿಂದಿನ ಬೆಂಚಿನಿಂದ ಎದ್ದಳು.

"ಸಾ, ಇಪ್ಪತ್ನಾಕು ಸಾ! ಎಲ್ಡನೇ ದಿನ ಬೆಲ್ಲನೇ ಬಂದಿರಕಿಲ್ವಲ್ಲ, ಹೋಳಿಗೆ ಎಲ್ಲಿಂದ ಬತ್ತದೆ?"

"ಹೌದಲ್ವಾ!" ಎಂಬ ಉದ್ಗಾರ ಬೆಂಚಿನಿಂದ ಬೆಂಚಿಗೆ ಹರಿಯಿತು. ನಾಲ್ಕು ದಿನ ಮುಚ್ಚಿದ್ದ ಬಾಗಿಲು ಒಮ್ಮೆಲೇ ತೆರೆದಂತಾಯಿತು. ಮೇಷ್ಟ್ರಿಗೆ ಕುಣಿಯಬೇಕೆನ್ನಿಸಿತು.

"ಇಪ್ಪತ್ನಾಲ್ಕು ದಿನಕ್ಕೇ ಬಂದ್ಬಿಡ್ತಾ?" ಶಿಲ್ಪ ರಾಗ ಎಳೆದಳು. "ಯಾಕೋ ಬೇಗ ಆಯ್ತು. ಏಳು ದಿನಕ್ಕೆ ಬೆಲ್ಲ, ಒಂಬತ್ತು ದಿನಕ್ಕೆ ತುಪ್ಪ ಮಾಡಿದ್ರೆ?"

"ಅರವತ್ಮೂರು!" ಮೂವತ್ತೊಂದು ಬಾಯಿ, ಒಂದೇ ಉತ್ತರ. ಹೆಂಚು ಹಾರಿಹೋಗುವಂಥ ಕೂಗು.

"ಅದೇ ಇರ್ಲಿ ಬುಡಿ," ಎಂದಳು ಶಿಲ್ಪ.

ಮೇಷ್ಟ್ರು ಯಾರಾದರೂ ಒಬ್ಬರು ತಪ್ಪು ಮಾಡಿರಬಹುದೆಂದು ಮಕ್ಕಳು ಲೆಕ್ಕ ಬರೆದಿದ್ದ ಪುಸ್ತಕಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಯಾರೂ ತಪ್ಪಿರಲಿಲ್ಲ. ತಮ್ಮ ಮೇಲಿನ ತೀರ್ಪಿಗೆ ತಾವೇ ಮೂವತ್ತೊಂದು ಸಲ ಕೆಂಪು ಶಾಯಿಯಲ್ಲಿ 'ಸರಿ' ಎಂದು ಬರೆದರು. ಒಂದೊಂದು 'ಸರಿ'ಗೂ ಅವರ ಎದೆ ಒಂದಿಷ್ಟು ಹಿಗ್ಗುತ್ತಿತ್ತು. ಕೊನೆಯ ಪುಸ್ತಕ ಮುಚ್ಚಿ, ತರಗತಿಯ ಕಡೆ ಕೈ ತೋರಿಸುತ್ತ ಹೆಂಡತಿಗೆ, "ನೋಡ್ದೇನೇ, ನನ್ ಮಕ್ಕಳು!" ಎಂದರು.

"ನೋಡ್ದೆ ಕಣ್ರೀ," ಎಂದಳು ಶಿಲ್ಪ. ಅವಳ ಮುಖದಲ್ಲೂ ಹೆಮ್ಮೆ ತುಂಬಿತ್ತು. "ಆದ್ರೆ ಎದೆ ಇನ್ನೂ ಉಬ್ಬಿಸ್ಬೇಡಿ. ಅಂಗಿ ಗುಂಡಿ ಕಿತ್ಕೊಂಡು ಹೋಗಿ ಮಕ್ಳಿಗೆ ಬಡಿದಾತು."